ಪೆನ್‌ಡ್ರೈವ್ ಕೆಲಸ ಮಾಡುತ್ತಿದೆ, ಎಲ್‌ಎಸ್‌ಮಾಡ್‌ನಲ್ಲಿ ಮಾತ್ರ ಯುಎಸ್‌ಬಿ-ಸ್ಟೋರೇಜ್ ಕಾಣುತ್ತಿಲ್ಲ

ಪ್ರಶ್ನೆ:
ನಮಸ್ಕಾರ. ನಮ್ಮ ಲ್ಯಾಬ್‌ನ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಪೆನ್‌ಡ್ರೈವ್ ಬಳಕೆ ನಿಲ್ಲಿಸಬೇಕಿದೆ. ಮೊದಲು ಅದರ ಮಾಡ್ಯೂಲ್ (ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಬೇಕಾದಾಗ ಸೇರುವ ಡ್ರೈವರ್ ಫೈಲ್) ಲೋಡ್ ಆಗಿದೆಯಾ ಅಂತ ನೋಡಲು ಸಣ್ಣ ಸ್ಕ್ರಿಪ್ಟ್ ಬರೆದೆ. ಡಿಸ್ಕ್‌ನಲ್ಲಿ ಫೈಲ್ ಹೆಸರು ಯುಎಸ್‌ಬಿ-ಸ್ಟೋರೇಜ್.ಕೆಒ. ಅದೇ ಹೆಸರನ್ನು ಎಲ್‌ಎಸ್‌ಮಾಡ್ (ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ಕೊಡುವ ಕಮಾಂಡ್) ಔಟ್‌ಪುಟ್‌ನಲ್ಲಿ ಗ್ರೆಪ್ ಕಮಾಂಡ್‌ನಿಂದ ಹುಡುಕಿದರೆ ಏನೂ ಬರುವುದಿಲ್ಲ. ಪೆನ್‌ಡ್ರೈವ್ ಮಾತ್ರ ಆರಾಮಾಗಿ ತೆರೆಯುತ್ತದೆ. ಕರ್ನಲ್ ಲಾಗ್‌ನಲ್ಲೂ ಹೈಫನ್ ಇರುವ ಹೆಸರೇ ಇದೆ. ಯಾಕೆ ಹೀಗೆ?

ಉತ್ತರ:
ಮಾಡ್ಯೂಲ್ ಲೋಡ್ ಆಗಿದೆ. ಯುಎಸ್‌ಬಿ_ಸ್ಟೋರೇಜ್ ಅಂತ ಹುಡುಕಿ, ಸಿಗುತ್ತದೆ.

ಫೈಲ್ ಹೆಸರಲ್ಲಿ ಹೈಫನ್ ಇರಬಹುದು, ಕರ್ನಲ್ ಒಳಗಿನ ಹೆಸರಲ್ಲಿ ಇರುವುದಿಲ್ಲ. ಸಿ ಭಾಷೆಯಲ್ಲಿ ಹೈಫನ್ ಅಂದರೆ ಕಳೆಯುವ ಚಿಹ್ನೆ ಅಲ್ವಾ? ಹಾಗಾಗಿ ಕಂಪೈಲ್ ಮಾಡುವಾಗಲೇ ಕೆಬಿಲ್ಡ್ (ಕರ್ನಲ್‌ನ ಬಿಲ್ಡ್ ವ್ಯವಸ್ಥೆ) ಅದನ್ನು ತೆಗೆದು ಅಂಡರ್‌ಸ್ಕೋರ್ ಹಾಕುತ್ತದೆ. ಲಾಗ್‌ನಲ್ಲಿ ನೀವು ನೋಡಿದ್ದು ಡ್ರೈವರ್‌ನ ಹೆಸರು. ಅದನ್ನು ಡ್ರೈವರ್ ಬರೆದವರೇ ಕೊಡುತ್ತಾರೆ, ಮಾಡ್ಯೂಲ್ ಹೆಸರಿಗೆ ಹೊಂದಲೇಬೇಕು ಅಂತೇನಿಲ್ಲ.

ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್, ಅದರ ಮಾಹಿತಿ ತೋರಿಸುವ ಮಾಡ್‌ಇನ್ಫೋ ಎರಡಕ್ಕೂ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹೇಗೆ ಬರೆದರೂ ಒಪ್ಪಿಕೊಳ್ಳುತ್ತವೆ. ಗ್ರೆಪ್ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಅದು ಒಪ್ಪುವುದಿಲ್ಲ. ಸ್ಕ್ರಿಪ್ಟ್‌ಗೆ ನನ್ನ ಸಲಹೆ: ಗ್ರೆಪ್ ಬಿಡಿ, /ಸಿಸ್/ಮಾಡ್ಯೂಲ್/ಯುಎಸ್‌ಬಿ_ಸ್ಟೋರೇಜ್ ಡೈರೆಕ್ಟರಿ ಇದೆಯಾ ನೋಡಿ. .ಕೆಒ ಫೈಲ್ ಹುಡುಕುವುದೂ ಬೇಡ. ಕೆಲವು ಡಿಸ್ಟ್ರೋಗಳಲ್ಲಿ ಅದು ಕಂಪ್ರೆಸ್ ಆಗಿ .ಕೆಒ.ಎಕ್ಸ್‌ಝಡ್ ಅಥವಾ .ಕೆಒ.ಝಡ್‌ಎಸ್‌ಟಿ ಆಗಿರುತ್ತದೆ. ನಿಮ್ಮದೇ ಮಾಡ್ಯೂಲ್ ಬರೆಯುವುದಾದರೆ ಮೊದಲಿಂದಲೇ ಅಂಡರ್‌ಸ್ಕೋರ್ ಬಳಸಿ. ಈ ಗೊಂದಲವೇ ಬರುವುದಿಲ್ಲ.

ಕೇಳಿದವರು:
ಸಿಕ್ಕಿತು, ಧನ್ಯವಾದ ಸರ್. ಮಾಡ್‌ಪ್ರೋಬ್.ಡಿ (ಮಾಡ್‌ಪ್ರೋಬ್‌ನ ಸೆಟ್ಟಿಂಗ್ ಫೈಲ್‌ಗಳ ಡೈರೆಕ್ಟರಿ) ಒಳಗಿನ ಫೈಲ್‌ನಲ್ಲಿ ಅಂಡರ್‌ಸ್ಕೋರ್ ಹಾಕಿ, ಮಾಡ್ಯೂಲ್ ಲೋಡ್ ಆಗದಿರಲು ಬ್ಲ್ಯಾಕ್‌ಲಿಸ್ಟ್ ಸಾಲು ಬರೆದೆ. ಪೆನ್‌ಡ್ರೈವ್ ನಿಂತಿತು. ಆದರೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ಹಾಕಿದರೆ ಮಾಡ್ಯೂಲ್ ಮತ್ತೆ ಬರುತ್ತದೆ. ಹೈಫನ್ ಹಾಕಬೇಕಿತ್ತಾ?

ಉತ್ತರ:
ಇಲ್ಲ, ಅಲ್ಲಿ ಎರಡೂ ಒಂದೇ. ಬ್ಲ್ಯಾಕ್‌ಲಿಸ್ಟ್ ತಡೆಯುವುದು ಡಿವೈಸ್ ನೋಡಿ ತಾನಾಗಿ ಆಗುವ ಲೋಡ್ ಮಾತ್ರ. ನಿಮ್ಮ ಡಿಸ್ಕ್ ಬಹುಶಃ ಯುಎಎಸ್ (ಯುಎಸ್‌ಬಿ ಡಿಸ್ಕ್‌ಗಳ ಇನ್ನೊಂದು, ವೇಗದ ವಿಧಾನ) ಬಳಸುತ್ತಿದೆ. ಯುಎಎಸ್ ಮಾಡ್ಯೂಲ್‌ಗೆ ಯುಎಸ್‌ಬಿ_ಸ್ಟೋರೇಜ್ ಬೇಕೇ ಬೇಕು, ಹಾಗಾಗಿ ಅದನ್ನೂ ಎಳೆದು ತರುತ್ತದೆ. ಅದೇ ಫೈಲ್‌ಗೆ ಈ ಸಾಲು ಸೇರಿಸಿ:

ಇನ್‌ಸ್ಟಾಲ್ ಯುಎಸ್‌ಬಿ_ಸ್ಟೋರೇಜ್ /ಬಿನ್/ಫಾಲ್ಸ್

(ಫೈಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ.) ಆಗ ಮಾಡ್‌ಪ್ರೋಬ್ ಮಾಡ್ಯೂಲ್ ಲೋಡ್ ಮಾಡುವ ಬದಲು ಫಾಲ್ಸ್ ಎಂಬ, ಬರೀ ವಿಫಲವಾಗುವ ಕಮಾಂಡ್ ಓಡಿಸುತ್ತದೆ. ಮಾಡ್ಯೂಲ್ ಈಗಾಗಲೇ ಲೋಡ್ ಆಗಿದ್ದರೆ ರೀಬೂಟ್ ಮಾಡಿ. ಕರ್ನಲ್ ಒಳಗೇ ಬಿಲ್ಟ್-ಇನ್ ಆಗಿದ್ದರೆ ಮಾತ್ರ ಈ ಸಾಲು ನಡೆಯುವುದಿಲ್ಲ. ಆಗ ಎಲ್‌ಎಸ್‌ಮಾಡ್‌ನಲ್ಲೂ ಹೆಸರು ಬರುವುದಿಲ್ಲ, ನಿಮ್ಮಲ್ಲಿ ಬರುತ್ತಿದೆ, ಹಾಗಾಗಿ ಚಿಂತೆಯಿಲ್ಲ.

ಕೇಳಿದವರು:
ಆಯಿತು ಸರ್. ಈಗ ಡಿಸ್ಕ್ ಕೂಡ ಬರುತ್ತಿಲ್ಲ. ಉಳಿದ ಕಂಪ್ಯೂಟರ್‌ಗಳಿಗೂ ಹಾಕುತ್ತೇನೆ.