ಕಾಕಾ ಹಾಕಿದ ಪೋಸ್ಟರ್

(ಬಾಗಲಕೋಟೆಯ ನಮ್ಮ ಮನೆ ಮಂದಿ ಗುಂಪಿನಿಂದ)

ದೊಡ್ಡ ಕಾಕಾ: (ಫಾರ್ವರ್ಡ್ ಆದ ಪೋಸ್ಟರ್) ಬುದ್ಧನದು ಧರ್ಮವೇ ಅಲ್ಲ, ತತ್ವಜ್ಞಾನ. ದೇವರಿಲ್ಲ, ಪೂಜೆಯಿಲ್ಲ.

ತಮ್ಮ: ಖರೇ ಮಾತು ಕಾಕಾ.

ನಾನು: ಕಾಕಾ, ಸಿಟ್ಟಾಗಬೇಡಿ, ನನಗೆ ಒಪ್ಪಿಗೆ ಇಲ್ಲ. ಪೂಜೆಯಿಲ್ಲ ಅಂತ ಯಾರು ಹೇಳಿದರು? ಮುಂಡಗೋಡಿನ ಟಿಬೆಟಿಯನ್ ಮಠಗಳನ್ನು ನೋಡಿ. ದೀಪ, ಮಂತ್ರ, ನಮಸ್ಕಾರ ಎಲ್ಲ ಇವೆ.

ದೊಡ್ಡ ಕಾಕಾ: ಅದೆಲ್ಲ ಆಮೇಲೆ ಸೇರಿದ್ದು. ಗ್ರಂಥದಲ್ಲಿದೆ, ಗುರು ಹೇಳಿದ ಅಂತ ಸುಮ್ನೆ ನಂಬಬೇಡಿ ಅಂತ ಬುದ್ಧ ಕಾಲಾಮರು ಅನ್ನುವ ಜನಕ್ಕೆ ಹೇಳಿದ. ಜಗತ್ತಿಗೆ ಕೊನೆ ಇದೆಯಾ ಅಂತ ಶಿಷ್ಯ ಮಾಲುಂಕ್ಯಪುತ್ತ ಕೇಳಿದರೆ ಉತ್ತರವನ್ನೇ ಕೊಡಲಿಲ್ಲ. ವಿಷದ ಬಾಣ ನೆಟ್ಟವನು, ಬಾಣ ಬಿಟ್ಟವನ ಕುಲ ಯಾವುದು, ಊರು ಯಾವುದು ಅಂತ ಕೇಳುತ್ತಾ ಕೂತರೆ ಸತ್ತೇ ಹೋಗುತ್ತಾನೆ ಅಂದ. ಇದು ಧರ್ಮಗುರುವಿನ ಮಾತಾ?

ನಾನು: ಬರೀ ತತ್ವಜ್ಞಾನಿ ಆಗಿದ್ದರೆ ಆ ಪ್ರಶ್ನೆ ಹಿಡಿದು ರಾತ್ರಿಯಿಡೀ ವಾದ ಮಾಡುತ್ತಿದ್ದ, ಅಲ್ವಾ? ಇವನು ಮೊದಲು ಬಾಣ ಕೀಳು ಅಂದ. ಜನ ಹೇಗೆ ಬದುಕಬೇಕು ಅನ್ನುವುದೇ ಅವನಿಗೆ ಮುಖ್ಯ. ಅದಕ್ಕೇ ಸಂಘ ಕಟ್ಟಿದ. ಥೇರವಾದ ಅನ್ನುವ ಹಳೆಯ ಬೌದ್ಧ ಪಂಥದ ಭಿಕ್ಕುಗಳಿಗೆ, ಅಂದರೆ ಸನ್ಯಾಸಿಗಳಿಗೆ, 227 ನಿಯಮಗಳಿವೆ. ಮಧ್ಯಾಹ್ನದ ಮೇಲೆ ಊಟ ಮಾಡಬಾರದು ಅನ್ನುವುದೂ ಅದರಲ್ಲಿದೆ.

ವಿಜಯಪುರ ಅತ್ತಿ: ದೇವರಿಲ್ಲದ್ದು ಧರ್ಮವಲ್ಲ ಅಂದರೆ ಜೈನರನ್ನು ಎಲ್ಲಿ ಇಡುತ್ತೀಯಪ್ಪ? ಜಗತ್ತು ಸೃಷ್ಟಿ ಮಾಡಿದ ದೇವರು ಅವರಲ್ಲೂ ಇಲ್ಲ. ಐಹೊಳೆಯ ಮೇಗುತಿ ಬಸದಿ 634ರದ್ದು. ಅದು ಧರ್ಮದ್ದಲ್ಲ ಅಂತ ಯಾರಾದರೂ ಅಂತಾರಾ?

ನಾನು: ಭೇಷ್ ಅತ್ತಿ! ಅದೇ ಗುಡ್ಡದಲ್ಲಿ, ಬಸದಿಗಿಂತ ಕೆಳಗೆ ಬೌದ್ಧರ ಗುಡಿಯೂ ಇದೆ. ಎರಡು ಅಂತಸ್ತು. ಅರ್ಧ ಕಟ್ಟಿದ್ದು, ಅರ್ಧ ಬಂಡೆ ಕೊರೆದದ್ದು. ಪಡಸಾಲೆಯಲ್ಲಿ ತಲೆ ಎತ್ತಿದರೆ ಛಾವಣಿಯಲ್ಲೇ ಬುದ್ಧ ಕೂತಿದ್ದಾನೆ. ಕೆತ್ತಿದವನು ಕತ್ತು ಮೇಲೆತ್ತಿಕೊಂಡೇ ಉಳಿ ಹಿಡಿದಿರಬೇಕು. ಭಕ್ತಿ ಇಲ್ಲದೆ ಅಷ್ಟು ಕಷ್ಟ ಯಾರು ಪಡುತ್ತಾರೆ?

ದೊಡ್ಡ ಕಾಕಾ: ಬಾಬಾಸಾಹೇಬ ಅಂಬೇಡ್ಕರರು ಬುದ್ಧನ ದಾರಿ ಆರಿಸಿಕೊಂಡದ್ದು ಬುದ್ಧಿಗೆ ಒಪ್ಪುತ್ತದೆ ಅಂತಲೇ. ಮರೆಯಬೇಡ.

ನಾನು: ಹೌದು ಕಾಕಾ. ಆದರೆ ಒಪ್ಪಿದ ಮೇಲೆ ಏನು ಮಾಡಿದರು? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಭಿಕ್ಕು ಚಂದ್ರಮಣಿ ಅವರಿಂದ ತ್ರಿಶರಣ (ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವುದು), ಪಂಚಶೀಲ (ನಡತೆಯ ಐದು ವ್ರತ) ಪಡೆದರು. ಆಮೇಲೆ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟು 22 ಪ್ರತಿಜ್ಞೆ ಬೋಧಿಸಿದರು. ಬರೀ ವಿಚಾರ ಒಪ್ಪುವುದಾದರೆ ಮನೆಯಲ್ಲಿ ಪುಸ್ತಕ ಓದಿದರೆ ಸಾಕಿತ್ತು. ಅವರಿಗೆ ಜಾತಿ ಬಿಟ್ಟು ಹೊರಗೆ ಬರಬೇಕಿತ್ತು, ಎಲ್ಲರೂ ಕೂಡಿ ಬರಬೇಕಿತ್ತು.

ವಿಜಯಪುರ ಅತ್ತಿ: ನಮ್ಮ ಓಣಿಯಲ್ಲೂ ಬುದ್ಧ ಪೂರ್ಣಿಮೆಗೆ ಬಿಳಿ ಬಟ್ಟೆ ಉಟ್ಟು, ಮೇಣದ ಬತ್ತಿ ಹಚ್ಚಿ ವಂದನೆ ಹೇಳುತ್ತಾರೆ. ಸಣ್ಣ ಹುಡುಗರಿಗೂ ಬಾಯಿಪಾಠ.

ದೊಡ್ಡ ಕಾಕಾ: ಹಾಗಾದರೆ ಶರಣು ಹೋಗದೆ ನನ್ನಂಥವರು ಬುದ್ಧನನ್ನು ಓದಬಾರದಾ?

ನಾನು: ಅಯ್ಯೋ, ಓದಿ ಕಾಕಾ! ನಾಗಾರ್ಜುನನಂಥ ತತ್ವಜ್ಞಾನಿಗಳು ಬಂದದ್ದೂ ಅಲ್ಲಿಂದಲೇ. ಆದರೆ ನಮಗೆ ತತ್ವ ಮಾತ್ರ ಸಾಕು ಅಂತ, ದೀಕ್ಷೆ ತಗೊಂಡವರಿಗೆ ನಿಮ್ಮದು ಧರ್ಮವೇ ಅಲ್ಲ ಅನ್ನಬಾರದು. ಅದಕ್ಕಾಗಿ ಅವರು ಬಹಳ ಕಳೆದುಕೊಂಡಿದ್ದಾರೆ.

ದೊಡ್ಡ ಕಾಕಾ: ಈ ಮಾತು ಒಪ್ಪಿದೆ. ಆದರೆ ದೇವರ ಹಂಗಿಲ್ಲದೆ ಬದುಕು ತಿದ್ದಿಕೊಳ್ಳಬಹುದು ಅಂದನಲ್ಲ, ನನಗೆ ಅದೇ ದೊಡ್ಡದು. ಪೋಸ್ಟರ್ ಮಾತ್ರ ತೆಗೆಯುವುದಿಲ್ಲ.

ನಾನು: ತೆಗೆಯಬೇಡಿ. ಉಳಿದವರೂ ಓದಿ ಮಾತಾಡಲಿ.