ಕೋವಿಡ್ ಲಸಿಕೆಯ ಐದನೇ ಡೋಸ್ ಬೇಕಾ? ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರು ಯಾರಾದರೂ ಇದ್ದೀರಾ?

ಕರಡು ತಿದ್ದುವವಳು:

ನಮಸ್ಕಾರ. ವಿಷಯ ಹಳೇದಾಯ್ತು ಅಂತ ಗೊತ್ತು. ಕೋವಿಡ್ ಇನ್ನು ಜಾಗತಿಕ ತುರ್ತುಸ್ಥಿತಿ ಅಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದೇ ಹೇಳಿದೆ. ಮನೆಯಲ್ಲಿ ಲಸಿಕೆಯ ಮಾತೆತ್ತಿದರೆ "ಇನ್ನೂ ಅಲ್ಲೇ ಇದ್ದೀಯಾ?" ಅಂತ ನಗುತ್ತಾರೆ. ಆದರೂ ಕೇಳುತ್ತಿದ್ದೇನೆ.

ನನಗೆ 49 ವರ್ಷ. 11 ವರ್ಷದಿಂದ ರುಮಟಾಯ್ಡ್ ಸಂಧಿವಾತ. ಪ್ರತಿ ಭಾನುವಾರ ರಾತ್ರಿ ಮೆಥೊಟ್ರೆಕ್ಸೇಟ್, ಅಂದರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕಾಯಿಲೆ ಹತೋಟಿಯಲ್ಲಿಡುವ ಔಷಧಿ, 2.5 ಮಿಲಿಗ್ರಾಂನ ಆರು ಮಾತ್ರೆ. ಸೋಮವಾರ ಇಡೀ ದಿನ ತಲೆ ಭಾರ. ಮಂಗಳವಾರದಿಂದ ಮನುಷ್ಯಳಾಗುತ್ತೇನೆ.

2021ರಲ್ಲಿ ಎರಡು ಡೋಸ್ ಆಯಿತು. 2022ರ ಜನವರಿಯಲ್ಲಿ ಬೂಸ್ಟರ್. ಅದೇ ಜುಲೈನಲ್ಲಿ ಕೋವಿಡ್ ಬಂದೇಬಿಟ್ಟಿತು. ಐದು ದಿನ ಜ್ವರ, ಮೂರು ವಾರ ಕೆಮ್ಮು, ಆಸ್ಪತ್ರೆ ಸೇರುವ ಪ್ರಸಂಗ ಬರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ನಾಲ್ಕನೇದು ಹಾಕಿಸಿಕೊಂಡೆ. ಆಮೇಲೆ ಬಿಟ್ಟೆ. ಈಗ ಡಾಕ್ಟರ್ ಮತ್ತೆ "ಹಾಕಿಸಿಕೊಳ್ಳಿ" ಅನ್ನುತ್ತಿದ್ದಾರೆ.

ನಾಲ್ಕನೇದು ಆದ ಮೂರನೇ ದಿನ ಸ್ನಾನ ಮಾಡುವಾಗ ಎಡಗಂಕುಳಲ್ಲಿ ಗೋಲಿಯಷ್ಟು ದೊಡ್ಡ ಗಂಟು ಸಿಕ್ಕಿತು. ಸೋಪು ಹಚ್ಚಿದ ಬೆರಳು ಅಲ್ಲೇ ನಿಂತುಬಿಟ್ಟಿತು. ಅವತ್ತಿನ ರಾತ್ರಿ ಹೇಗೆ ಕಳೆಯಿತು ಎಂದು ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ದಿನಕ್ಕೆ ಅದು ತಾನಾಗಿ ಕರಗಿತು. ಆದರೆ ಹೀಗಾಗಬಹುದು ಅಂತ ಲಸಿಕೆ ಹಾಕಿದವರು ಒಂದು ಮಾತೂ ಹೇಳಿರಲಿಲ್ಲ.

ಇನ್ನೊಂದು ತಮಾಷೆ. ಫಾರಂ ತುಂಬುತ್ತಿದ್ದವರು "ಬೇರೆ ಕಾಯಿಲೆ ಇದೆಯಾ?" ಅಂತ ಕೇಳಿದರು. ಸಂಧಿವಾತ ಇದೆ, ಮಾತ್ರೆ ಇದು ಅಂತ ಹೇಳಿದೆ. ಅವರು "ಇಲ್ಲ" ಅನ್ನುವ ಚೌಕಕ್ಕೆ ಟಿಕ್ ಹಾಕಿದರು. ನನ್ನ ಕೆಲಸವೇ ಕರಡು ತಿದ್ದುವುದು, ತಲೆಕೆಳಗಾಗಿದ್ದರೂ ಕಣ್ಣಿಗೆ ಬಿತ್ತು. ಕಾರ್ಡಿನಲ್ಲಿ 2023ರ ಬದಲು 2032 ಅಂತ ಬರೆದಿದ್ದಾರೆ. ಅಂದರೆ ಇನ್ನೂ ತಯಾರಾಗದ ಲಸಿಕೆ ನನ್ನ ತೋಳಿನಲ್ಲಿದೆ!

ನನ್ನ ಪ್ರಶ್ನೆ ಇಷ್ಟೇ. ಬೂಸ್ಟರ್ ಆದ ಆರು ತಿಂಗಳಿಗೇ ಕೋವಿಡ್ ಬಂತಲ್ಲ, ಹಾಗಾದರೆ ಬೂಸ್ಟರ್ ಮಾಡಿದ್ದೇನು? ಇನ್ನೊಂದು ಹಾಕಿಸಿಕೊಂಡರೆ ನಿಜಕ್ಕೂ ಏನಾದರೂ ಸಿಗುತ್ತದಾ? ಮಾತ್ರೆ ನಿಲ್ಲಿಸಬೇಕಾ? ಗಂಟು ಮತ್ತೆ ಬರುತ್ತದಾ?

ಸುಮ್ನೆ ಓದುವವನು:

ನಾನು ಲಸಿಕೆ ವಿರೋಧಿ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಜನ ಮೈಮೇಲೆ ಬೀಳುತ್ತಾರೆ.

ನನ್ನ ತಮ್ಮನಿಗೆ 19 ವರ್ಷ ಇದ್ದಾಗ ಎಂಆರ್‌ಎನ್‌ಎ ಲಸಿಕೆಯ (ಫೈಜರ್‌ನಂಥದ್ದು) ಎರಡನೇ ಡೋಸ್ ಆಗಿ ಮೂರನೇ ದಿನ ಎದೆನೋವು ಬಂತು. ಹೃದಯದ ಸ್ನಾಯುವಿನ ಉರಿಯೂತ, ಮಯೋಕಾರ್ಡೈಟಿಸ್. ಎರಡು ರಾತ್ರಿ ಆಸ್ಪತ್ರೆಯಲ್ಲಿದ್ದ. ಕೆಲವು ತಿಂಗಳು ಆಟ, ಓಟ ಎಲ್ಲ ಬಂದ್. ಈಗ ಚೆನ್ನಾಗಿದ್ದಾನೆ. ಇದು ಹೆಚ್ಚಾಗಿ ಹುಡುಗರಲ್ಲಿ, ಎರಡನೇ ಡೋಸ್ ಆದ ಒಂದು ವಾರದೊಳಗೆ ಕಾಣಿಸಿಕೊಳ್ಳುತ್ತದೆ ಎಂದು ಆಮೇಲೆ ಗೊತ್ತಾಯಿತು. ಎರಡು ಡೋಸ್‌ಗಳ ನಡುವೆ ಎಂಟು ವಾರ ಬಿಟ್ಟರೆ ಅಪಾಯ ಕಡಿಮೆ ಅಂತಲೂ ಹೇಳಿದರು. ಅವನಿಗೆ ಮೂರೇ ವಾರಕ್ಕೆ ಹಾಕಿದ್ದರು.

"ಎಲ್ಲರೂ ಹಾಕಿಸಿಕೊಳ್ಳಿ, ಎಷ್ಟು ಸಲವಾದರೂ ಹಾಕಿಸಿಕೊಳ್ಳಿ" ಅನ್ನುವ ಮಾತು ನನಗೆ ಹಿಡಿಸುವುದಿಲ್ಲ. 19ರ ಹುಡುಗನ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ. ನಿಮ್ಮ ಲೆಕ್ಕ ನನಗೆ ಗೊತ್ತಿಲ್ಲ, ಅದಕ್ಕೇ ಬೇಡ ಅಂತಲೂ ಹೇಳುತ್ತಿಲ್ಲ.

ಜೀವಶಾಸ್ತ್ರದ ಮೇಷ್ಟ್ರು:

ಮೇಲಿನವರು ಹೇಳಿದ್ದು ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಲಸಿಕೆ ತಜ್ಞರ ಸಮಿತಿಯೂ 2023ರ ಮಾರ್ಚ್‌ನಲ್ಲಿ ಜನರನ್ನು ಮೂರು ಗುಂಪು ಮಾಡಿತು. ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಗರ್ಭಿಣಿಯರು, ಆರೋಗ್ಯ ಕಾರ್ಯಕರ್ತರು ಮೊದಲ ಗುಂಪು, ಇವರಿಗೆ ಮುಂದಿನ ಬೂಸ್ಟರ್ ಬೇಕು ಎಂದಿತು. ಆರೋಗ್ಯವಾಗಿರುವ, ವಯಸ್ಸಾಗದ ದೊಡ್ಡವರಿಗೆ ಮೊದಲ ಬೂಸ್ಟರ್ ಸಾಕು, ಆಮೇಲಿನದನ್ನು ಎಲ್ಲರಿಗೂ ಹೇಳುವುದಿಲ್ಲ ಎಂದಿತು. ಕರಡಿನ ಮೇಡಂ, ಮೆಥೊಟ್ರೆಕ್ಸೇಟ್ ನಿಮ್ಮನ್ನು ಮೊದಲ ಗುಂಪಿನ ಕಡೆಗೆ ತಳ್ಳುತ್ತದೆ. ಡಾಕ್ಟರ್ ಸುಮ್ನೆ ಹೇಳುತ್ತಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬೂಸ್ಟರ್ ಮಾಡಿದ್ದೇನು ಅಂತ. ತೋಳಿಗೆ ಹಾಕಿದ ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯಗಳು, ಅಂದರೆ ವೈರಸ್‌ಗೆ ಅಂಟಿಕೊಂಡು ತಡೆಯುವ ಪ್ರೊಟೀನ್‌ಗಳು, ಜಾಸ್ತಿಯಾಗುತ್ತವೆ. ವೈರಸ್ ಮೊದಲು ಇಳಿಯುವುದು ಮೂಗು, ಗಂಟಲಿನಲ್ಲಿ. ಅಲ್ಲಿನ ಲೋಳೆಪೊರೆಯಲ್ಲಿ ಆ ಕಾವಲು ತೆಳು. ಮೊದಲ ಕೆಲವು ವಾರ ರಕ್ತದಲ್ಲಿ ಪ್ರತಿಕಾಯ ತುಂಬಿ ತುಳುಕುತ್ತಿರುತ್ತದೆ, ಸ್ವಲ್ಪ ಮೂಗಿಗೂ ಸೋರುತ್ತದೆ, ಸೋಂಕೂ ತಡೆಯುತ್ತದೆ. ಆದರೆ ರಕ್ತದಲ್ಲಿ ಹೆಚ್ಚಾಗಿರುವ ಐಜಿಜಿ ಎಂಬ ಪ್ರತಿಕಾಯದ ಅರ್ಧಾಯುಸ್ಸು, ಅಂದರೆ ಇದ್ದದ್ದು ಅರ್ಧಕ್ಕೆ ಇಳಿಯುವ ಕಾಲ, ಸುಮಾರು ಮೂರು ವಾರ. ಅದನ್ನು ತಯಾರಿಸುವ ಕೋಶಗಳಲ್ಲೂ ಬಹುಪಾಲು ಬೇಗ ಸಾಯುತ್ತವೆ. ಹಾಗಾಗಿ ಮಟ್ಟ ಇಳಿಯಲೇಬೇಕು. ಒಮ್ಮೆ ನೋಡಿದ ಪ್ರತಿಯೊಂದು ವೈರಸ್‌ಗೂ ಅದೇ ಮಟ್ಟ ಕಾಪಾಡಿಕೊಂಡರೆ ನಮ್ಮ ರಕ್ತ ಗಂಜಿಯಂತಾಗುತ್ತಿತ್ತು!

ಉಳಿಯುವುದು ನೆನಪಿನ ಕೋಶಗಳು. ಅವು ವೈರಸ್ ಒಳಗೆ ಬಂದ ಮೇಲೆ ಎದ್ದು ಕೆಲಸ ಶುರುಮಾಡುತ್ತವೆ. ಅಷ್ಟರಲ್ಲಿ ನಿಮಗೆ ಜ್ವರ ಬಂದಿರುತ್ತದೆ. ಆದರೆ ವೈರಸ್ ಶ್ವಾಸಕೋಶವನ್ನು ಹಾಳುಗೆಡವುವ ಮೊದಲು ಅವು ಬಂದು ಮುಟ್ಟುತ್ತವೆ. ನಿಮಗೆ ಕೋವಿಡ್ ಬಂದದ್ದು 2022ರ ಜುಲೈನಲ್ಲಿ. ಒಮೈಕ್ರಾನ್‌ಗೆ (ವೈರಸ್‌ನ ಹೊಸ ರೂಪಾಂತರ) ಹೆಸರಿಟ್ಟದ್ದು 2021ರ ನವೆಂಬರ್ 26ರಂದು. ನಿಮ್ಮ ಮೊದಲ ಮೂರು ಡೋಸ್ ಮೂಲ ವೈರಸ್‌ನ ಮುಳ್ಳು (ಮೈಮೇಲಿನ ಸ್ಪೈಕ್ ಪ್ರೊಟೀನ್) ತೋರಿಸಿ ಕಲಿಸಿದವು, ಬಂದದ್ದು ಮುಳ್ಳಿನ ಆಕಾರ ಸಾಕಷ್ಟು ಬದಲಿಸಿಕೊಂಡ ಒಮೈಕ್ರಾನ್ ವಂಶದ್ದು. ಆದರೂ ಮನೆಯಲ್ಲೇ ಮುಗಿಯಿತು. ಅದರಲ್ಲಿ ಬೂಸ್ಟರ್‌ನ ಪಾಲು ಇದೆ ಎಂದು ನಾನು ಅಂದುಕೊಳ್ಳುತ್ತೇನೆ, ನಿಮ್ಮೊಬ್ಬರ ವಿಷಯದಲ್ಲಿ ಸಾಬೀತು ಮಾಡಲು ಯಾರಿಂದಲೂ ಆಗುವುದಿಲ್ಲ. 2023ರ ಶರತ್ಕಾಲದ ಲಸಿಕೆಗಳು ಒಮೈಕ್ರಾನ್‌ನ ಉಪತಳಿ ಎಕ್ಸ್‌ಬಿಬಿ.1.5ಕ್ಕೆ ಬದಲಾದವು, 2024ರಲ್ಲಿ ಜೆಎನ್.1ರ ವಂಶಕ್ಕೆ. ಹಳೇದರ ಇನ್ನೊಂದು ಪ್ರತಿ ಅಲ್ಲ ಇವು, ಪರಿಷ್ಕೃತ ಮುದ್ರಣ. ಈ ಮಾತು ನಿಮಗೆ ಇಷ್ಟವಾಗಬಹುದು.

ಹಳೇ ನರ್ಸಮ್ಮ:

ತಂಗೀ, ಆ ಗಂಟಿನ ವಿಷಯ ನಾನು ಹೇಳುತ್ತೇನೆ. ಅದು ದುಗ್ಧಗ್ರಂಥಿ (ಲಿಂಫ್ ನೋಡ್). ಲಸಿಕೆ ಹಾಕಿದ ತೋಳಿನ ಕಡೆಯದೇ ಊದಿಕೊಳ್ಳುತ್ತದೆ. ಬೂಸ್ಟರ್‌ನಲ್ಲಿ ಮೊದಲ ಡೋಸ್‌ಗಳಿಗಿಂತ ಜಾಸ್ತಿ. ಮೇಷ್ಟ್ರು ಹೇಳಿದ ಆ ಕೋಶಗಳ ತರಬೇತಿ ನಡೆಯುವ ಜಾಗವೇ ಅದು. ಕೆಲವು ದಿನದಿಂದ ಕೆಲವು ವಾರದಲ್ಲಿ ಇಳಿಯುತ್ತದೆ. ಆರು ವಾರವಾದರೂ ಇಳಿಯದಿದ್ದರೆ, ಬೆಳೆಯುತ್ತಿದ್ದರೆ, ಅಥವಾ ಇನ್ನೊಂದು ಕಡೆಯ ಕಂಕುಳಲ್ಲಿ ಬಂದರೆ ಸುಮ್ಮನೆ ಕೂರಬೇಡ, ತೋರಿಸು. ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸುವಾಗ ಯಾವ ತೋಳಿಗೆ, ಯಾವತ್ತು ಹಾಕಿಸಿಕೊಂಡೆ ಎಂದು ಅಲ್ಲಿಯವರಿಗೆ ಹೇಳು. ಮೊದಮೊದಲು ಮ್ಯಾಮೊಗ್ರಾಂ ಮುಂದೂಡಿ ಎನ್ನುತ್ತಿದ್ದರು. ಆಮೇಲೆ ಆ ಸಲಹೆ ಬದಲಾಯಿತು, ಮುಂದೂಡುವುದು ಬೇಡ, ತಿಳಿಸಿದರೆ ಸಾಕು ಎಂದರು.

ನಿನಗೆ ಯಾರೂ ಮೊದಲೇ ಹೇಳಲಿಲ್ಲ ಅಂದೆಯಲ್ಲ, ಅದು ತಪ್ಪೇ. ನಾನು ಸಾವಿರಾರು ಜನಕ್ಕೆ ಚುಚ್ಚಿದ್ದೇನೆ. ಸಾಲು ಉದ್ದ ಇದ್ದ ದಿನ ನಾನೂ ಎಲ್ಲರಿಗೂ ಹೇಳಿಲ್ಲ. 2021ರ ಶುರುವಿನಲ್ಲಿ ಫೈಜರ್‌ನ ಶೀಶೆಯಲ್ಲಿ ಮದ್ದು ಇದ್ದದ್ದೇ 0.45 ಮಿಲಿಲೀಟರ್. ಮೈನಸ್ 70 ಡಿಗ್ರಿಯ ಫ್ರೀಜರ್‌ನಿಂದ ತೆಗೆದು, ಕರಗಿಸಿ, 1.8 ಮಿಲಿಲೀಟರ್ ಸಲೈನ್ ಬೆರೆಸಬೇಕು. ಕುಲುಕುವ ಹಾಗಿಲ್ಲ. ಹತ್ತು ಸಲ ಮೆಲ್ಲಗೆ ತಲೆಕೆಳಗೆ ಮಾಡಬೇಕು. ಮಗುವನ್ನು ಆ ಕಡೆ ಈ ಕಡೆ ಹೊರಳಿಸಿದ ಹಾಗೆ. ಅಲ್ಲಿಂದ ಆರು ಗಂಟೆಯ ಗಡುವು. ಮೊದಲು ಒಂದು ಶೀಶೆಗೆ ಐದು ಡೋಸ್ ಎಂದಿದ್ದರು. ಸೂಜಿ, ಸಿರಿಂಜಿನ ಬುಡದಲ್ಲಿ ಮದ್ದು ಉಳಿಯದಂಥದ್ದು ಬಳಸಿದರೆ ಆರನೇದೂ ಸಿಗುತ್ತಿತ್ತು. ಆ ಆರನೇದನ್ನು ಎಳೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದೆವು. ಹೊರಗೆ ಕಾಯುವವರ ಮುಖ ಕಾಣುತ್ತಿತ್ತಲ್ಲ.

ಕೂತುಕೊಳ್ಳಲು 15 ನಿಮಿಷ ಹೇಳುವುದು ಸುಮ್ನೆ ಅಲ್ಲ. ತೀವ್ರ ಅಲರ್ಜಿ ಎಂಆರ್‌ಎನ್‌ಎ ಲಸಿಕೆಯಲ್ಲಿ ಹತ್ತು ಲಕ್ಷ ಡೋಸ್‌ಗೆ ಸುಮಾರು ಐದು ಮಾತ್ರ. ಬಂದರೆ ಹೆಚ್ಚಾಗಿ ಆ ಹೊತ್ತಿನಲ್ಲೇ ಬರುತ್ತದೆ, ಚಿಕಿತ್ಸೆ ಕೈಯಳತೆಯಲ್ಲೇ ಇರುತ್ತದೆ. ನಾನು ಕಂಡಿದ್ದು ಜಾಸ್ತಿ ತಲೆಸುತ್ತಿ ಬಿದ್ದವರನ್ನು. ಅದರಲ್ಲೂ ಗಟ್ಟಿಮುಟ್ಟಾದ ಗಂಡಸರನ್ನು!

ಭಾನುವಾರದ ಮಾತ್ರೆ:

ಅಕ್ಕಾ, ನಿಮ್ಮ ಭಾನುವಾರವೇ ನನ್ನ ಭಾನುವಾರ. ನಂದು ಸೋರಿಯಾಸಿಸ್, ಅದೇ ಮಾತ್ರೆ. ಬ್ರಿಟನ್‌ನಲ್ಲಿ ವ್ರೂಮ್ ಅನ್ನುವ ಪ್ರಯೋಗ ನಡೆಯಿತು, ಫಲಿತಾಂಶ 2022ರಲ್ಲಿ ಬಂತು. ಬೂಸ್ಟರ್ ಆದ ತಕ್ಷಣ ಎರಡು ವಾರ ಮೆಥೊಟ್ರೆಕ್ಸೇಟ್ ಬಿಟ್ಟವರಲ್ಲಿ ಪ್ರತಿಕಾಯ ಸುಮಾರು ಎರಡು ಪಟ್ಟು ಆಯಿತು. ಆದರೆ ಕಾಯಿಲೆ ಸ್ವಲ್ಪ ದಿನ ಕೆರಳಿದವರೂ ಜಾಸ್ತಿ. ನನ್ನ ಡಾಕ್ಟರ್‌ಗೆ ಅದನ್ನು ತೋರಿಸಿ ಕೇಳಿದೆ. "ಎರಡು ಭಾನುವಾರ ಬಿಡಿ, ಮೂರನೇದಕ್ಕೆ ಶುರುಮಾಡಿ" ಅಂದರು. ನನಗೆ ಮೊಣಕೈ ಮೇಲೆ ಸ್ವಲ್ಪ ಕೆಂಪಾಯಿತು, ಅಷ್ಟೇ. ಕೇಳದೆ ನಿಲ್ಲಿಸಬೇಡಿ. ನನ್ನ ಜೊತೆಗಿದ್ದ ಒಬ್ಬರಿಗೆ ಕೀಲು ಹಿಡಿದುಕೊಂಡಿರುವ ಕಾಲ, ಅವರಿಗೆ ಬೇಡ ಎಂದಿದ್ದರು. ಬೇರೆ ಔಷಧಿಗಳ ಲೆಕ್ಕವೂ ಬೇರೆ. ಪ್ರತಿಕಾಯ ತಯಾರಿಗೆ ಬೇಕಾದ ಬಿ ಕೋಶಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್ ತೆಗೆದುಕೊಳ್ಳುವವರು ಯಾವಾಗ ಹಾಕಿಸಿಕೊಳ್ಳುತ್ತಾರೆ ಅನ್ನುವುದೇ ದೊಡ್ಡ ವಿಷಯ.

ಕರಡು ತಿದ್ದುವವಳು:

ಮೇಷ್ಟ್ರೇ, "ಪರಿಷ್ಕೃತ ಮುದ್ರಣ" ಕೇಳಿ ನಕ್ಕೆ. ಪರಿಷ್ಕೃತ ಅಂತ ಬರೆದು ಹಳೇ ತಪ್ಪುಗಳನ್ನೇ ಉಳಿಸಿಕೊಂಡ ಪುಸ್ತಕ ಎಷ್ಟು ನೋಡಿಲ್ಲ ನಾನು!

ಸುಮ್ನೆ ಓದುವವರೇ, ನಿಮ್ಮ ತಮ್ಮನ ವಿಷಯ ಬರೆದದ್ದಕ್ಕೆ ಥ್ಯಾಂಕ್ಸ್. ಅದನ್ನು ಓದಿ ಹೆದರಿಕೆ ಜಾಸ್ತಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಯಾರಿಗೆ, ಯಾವಾಗ, ಎಷ್ಟು ದಿನದೊಳಗೆ ಅಂತ ಗೊತ್ತಾದರೆ ಹೆದರಿಕೆಗೂ ಒಂದು ಅಳತೆ ಸಿಗುತ್ತದೆ ಅಲ್ವಾ. ನನ್ನನ್ನು ಕಾಡಿದ್ದು ಗಂಟು ಅಲ್ಲ, ಅದರ ಬಗ್ಗೆ ಯಾರೂ ಹೇಳದೇ ಇದ್ದದ್ದು.

ನರ್ಸಮ್ಮ, ಆರನೇ ಡೋಸ್ ಎಳೆಯುವ ಕೈ ಕಣ್ಣ ಮುಂದೆ ಬಂತು. 2032 ಅಂತ ಬರೆದವರ ಮೇಲಿನ ಕೋಪ ಅರ್ಧ ಇಳಿಯಿತು. ಪೂರ್ತಿ ಇಳಿದಿಲ್ಲ.

ಸುಮ್ನೆ ಓದುವವನು:

ಹಾಕಿಸಿಕೊಂಡ ಮೇಲೆ ಬಂದು ಬರೆಯಿರಿ. ಇಲ್ಲಿ ಪ್ರಶ್ನೆ ಕೇಳಿ ಕಾಣೆಯಾಗುವವರೇ ಜಾಸ್ತಿ.

ಕರಡು ತಿದ್ದುವವಳು:

ಬಂದೆ. ಹಾಕಿಸಿಕೊಂಡು 19 ದಿನವಾಯಿತು.

ಡಾಕ್ಟರ್ ಎರಡು ಭಾನುವಾರ ಬಿಡಿ ಎಂದರು. ಕೀಲು ತೀರಾ ಕೆಟ್ಟರೆ ಫೋನ್ ಮಾಡಿ, ನೀವೇ ಮಾತ್ರೆ ಶುರುಮಾಡಬೇಡಿ ಎಂದರು. ಸೋಮವಾರ ಹಾಕಿಸಿಕೊಂಡೆ. ಈ ಸಲ ಬಲಗೈಯಲ್ಲಿ ಬರೆಯುವ ಕೆಲಸ ಇತ್ತು, ಎಡಗೈಗೇ ಕೊಡಿ ಎಂದೆ. ಸಿರಿಂಜಿನಲ್ಲಿ ಮದ್ದು ಮೊದಲೇ ತುಂಬಿ ಬಂದಿತ್ತು. ಬೆರೆಸುವುದು, ತಲೆಕೆಳಗೆ ಮಾಡುವುದು ಏನೂ ಇರಲಿಲ್ಲ, ನರ್ಸಮ್ಮನಿಗೆ ಬೇಜಾರಾಗಬಹುದು. ಬೇರೆ ಕಾಯಿಲೆ ಇದೆಯಾ ಅಂತ ಕೇಳಿದಾಗ ಹೇಳಿ, ಟಿಕ್ ಎಲ್ಲಿ ಬೀಳುತ್ತದೆ ಅಂತ ಬಗ್ಗಿ ನೋಡಿದೆ. ಸರಿಯಾದ ಚೌಕಕ್ಕೇ ಬಿತ್ತು. ಕಾರ್ಡಿನಲ್ಲಿ ಇಸವಿ ಸರಿ, ತೋಳು ಸರಿ, ನನ್ನ ಹೆಸರಿನಲ್ಲಿ ಮಾತ್ರ ಒಂದು ದೀರ್ಘ ಬಿಟ್ಟುಹೋಗಿತ್ತು. ಪೆನ್ನು ಕೇಳಿ ನಾನೇ ಹಾಕಿಕೊಂಡೆ.

ಅವತ್ತು ರಾತ್ರಿ ಚಳಿ, ಬೆಳಿಗ್ಗೆ 38 ಡಿಗ್ರಿ ಜ್ವರ, ಸಂಜೆಗೆ ಇಲ್ಲ. ತೋಳು ಎರಡು ದಿನ ಕಲ್ಲಾಗಿತ್ತು. ನಾಲ್ಕನೇ ದಿನ ಗೋಲಿ ಹಾಜರ್, ಅದೇ ಎಡಗಂಕುಳು. ಸೋಪಿನ ಬೆರಳು ಈ ಸಲವೂ ನಿಂತಿತು, ಸುಳ್ಳು ಹೇಳುವುದಿಲ್ಲ. ಆದರೆ ಕ್ಯಾಲೆಂಡರ್‌ನಲ್ಲಿ ಆರು ವಾರ ಎಣಿಸಿ ಒಂದು ಸೊನ್ನೆ ಸುತ್ತಿ ಮಲಗಿದೆ, ನಿದ್ದೆಯೂ ಬಂತು. ಈಗ ಹುಡುಕಿದರೆ ಸಿಗುವುದಿಲ್ಲ.

ಎರಡನೇ ಭಾನುವಾರ ಕಳೆದ ಮೇಲೆ ಮಾತ್ರೆ ಇಲ್ಲದ್ದು ಗೊತ್ತಾಯಿತು. ಬೆಳಿಗ್ಗೆ ಬಲಗೈಯ ಎರಡು ಬೆರಳು ಮಡಚಲು ಅರ್ಧ ಗಂಟೆ ಬೇಕಾಯಿತು. ಕರಡಿನ ಮೇಲೆ ನನ್ನ ಅಕ್ಷರ ನನಗೇ ಗುರುತು ಸಿಗದಂತಿತ್ತು. ಫೋನ್ ಮಾಡುವಷ್ಟು ಕೆಡಲಿಲ್ಲ.

ನಾಳೆ ಭಾನುವಾರ. ಆರು ಮಾತ್ರೆ ಎಣಿಸಿ ಇಟ್ಟಿದ್ದೇನೆ.