ಎಕ್ಸ್‌ಪಲ್ಸ್ ತೊಂಬತ್ತೈದಕ್ಕೆ, ತಗೋಬಹುದಾ?

ಗುಂಪು: ಮೆಕ್ಯಾನಿಕಲ್ ಡಿಪ್ಲೊಮಾ, ಹಾಸನ

ಸತೀಶ (ಮೂಡಿಗೆರೆ): *ಫಾರ್ವರ್ಡ್ ಮಾಡಿದ್ದು* ಹೀರೊ ಎಕ್ಸ್‌ಪಲ್ಸ್ 200 4ವಿ ಬೈಕ್, 2022 ಮಾಡೆಲ್, ರ‍್ಯಾಲಿ ಕಿಟ್ ಹಾಕಿದೆ, 11,000 ಕಿ.ಮೀ. ಮಾತ್ರ, ಸೆಕೆಂಡ್ ಓನರ್, ಶೋರೂಂ ಕಂಡೀಶನ್, 95,000 ಫೈನಲ್. ಟೈಂಪಾಸ್ ಮಾಡುವವರು ಫೋನ್ ಮಾಡಬೇಡಿ.

ಸತೀಶ: ಗಾಡಿ ಚಿಕ್ಕಮಗಳೂರಲ್ಲೇ ಇದೆ. ಫೋಟೋ ಆರು ಹಾಕಿದ್ದೇನೆ. ತಗೋಬಹುದಾ?

ಮಂಜು (ಬೆಂಗಳೂರು): ತಗೋ ಮಗಾ, ಕಣ್ಣು ಮುಚ್ಚಿ ತಗೋ. ಉದ್ದ ಫೋರ್ಕು, ಶಾಕು, ಎತ್ತರದ ಸೀಟು ಇರುವ ಆ ಕಿಟ್ ಒಂದಕ್ಕೇ ಮೂವತ್ತು ಸಾವಿರದ ಮೇಲೆ ಆಗುತ್ತದೆ. ಮಾಮೂಲಿ ಎಕ್ಸ್‌ಪಲ್ಸ್‌ಗೆ ಮುಂದೆ 190 ಮಿ.ಮೀ., ಹಿಂದೆ 170 ಮಿ.ಮೀ. ಟ್ರಾವೆಲ್, ಅಂದರೆ ಚಕ್ರ ಅಷ್ಟು ಮೇಲೆ ಕೆಳಗೆ ಆಡುತ್ತದೆ. ಕಿಟ್ ಹಾಕಿದರೆ 250, 220. ಗುಂಡಿ ಇದೆ ಅಂತಲೇ ಗೊತ್ತಾಗುವುದಿಲ್ಲ.

ಲೋಕೇಶಣ್ಣ: ಕಾಫಿ ತೋಟಕ್ಕೆ ಎಕ್ಸ್‌ಎಲ್ ಮೊಪೆಡ್ ಸಾಕಲ್ವಾ ಸತೀಶ? ಗೊಬ್ಬರದ ಚೀಲ ಹಾಕಿಕೊಂಡು ಹೋಗುತ್ತದೆ. ಇದರ ಹಿಂದೆ ಏನು ಕಟ್ಟುತ್ತೀಯಾ?

ಸತೀಶ: ಎಕ್ಸ್‌ಎಲ್ ಇದೆ ಅಣ್ಣ. ಜುಲೈಯಲ್ಲಿ ಮೇಲಿನ ಬ್ಲಾಕಿಗೆ ಹತ್ತುವುದಿಲ್ಲ, ತೋಟದ ಲೆಕ್ಕ ಬರೆಯುವ ರೈಟರ್ ಗಾಡಿ ಕೆಳಗೇ ಬಿಟ್ಟು ನಡೆದುಕೊಂಡು ಹೋಗುತ್ತಾರೆ. ಆಮೇಲೆ ನಿಜ ಹೇಳುತ್ತೇನೆ, ಆಸೆಯೂ ಇದೆ. ನಮ್ಮ ಕಡೆ ಡರ್ಟ್ ಟ್ರ್ಯಾಕ್ ಸ್ಪರ್ಧೆ ನಡೆದಾಗಲೆಲ್ಲ ಬೇಲಿ ಹೊರಗೆ ನಿಂತು ನೋಡುವುದೇ ಆಯ್ತು.

ಲೋಕೇಶಣ್ಣ: ಹಾಗೆ ಹೇಳು. ಆಸೆಗೆ ಬೇಕು ಅಂದರೆ ನನ್ನದೇನೂ ತಕರಾರಿಲ್ಲ. ತೋಟದ ಹೆಸರು ಹೇಳಬೇಡ ಅಷ್ಟೇ.

ಸತೀಶ: 😅

ರಫೀಕ್ (ಬೇಲೂರು ಗ್ಯಾರೇಜ್): ಫೋಟೋ ನೋಡಿದೆ. ಆರು ಫೋಟೋದಲ್ಲಿ ಆರೂ ಒಂದೇ ಕಡೆಯಿಂದ ತೆಗೆದದ್ದು. ಎಡಗಡೆ ಒಂದೂ ಇಲ್ಲ. ಅಡಿಭಾಗ ಇಲ್ಲ. ಗಾಡಿ ಈಗಷ್ಟೇ ಫೋಮ್ ವಾಷ್ ಮಾಡಿ ಟೈರಿಗೆ ಪಾಲಿಶ್ ಹೊಡೆದಿದ್ದಾರೆ. ತೊಳೆದರೆ ಏನು ಹೋಗುತ್ತದೋ ಅದನ್ನು ನೋಡಿ ಪ್ರಯೋಜನ ಇಲ್ಲ.

ಮಂಜು: ಬಂದ ನೋಡಪ್ಪ ಪೋಸ್ಟ್‌ಮಾರ್ಟಂ ಡಾಕ್ಟರ್. 11,000 ಕಿ.ಮೀ. ಗಾಡಿಯಲ್ಲಿ ಏನು ಹಾಳಾಗಿರುತ್ತದೆ ಮಾರಾಯ? ಇಂಜಿನ್ ಈಗ ತಾನೇ ಸೆಟ್ ಆಗಿರುತ್ತದೆ.

ರಫೀಕ್: ಕಿಲೋಮೀಟರ್ ಲೆಕ್ಕ ರೋಡ್ ಗಾಡಿಗೆ. ಕೆಸರಲ್ಲಿ ಇಡೀ ದಿನ ಫಸ್ಟ್ ಗೇರಲ್ಲಿ ಕ್ಲಚ್ ಹಿಡಿದು ಹಿಡಿದು ಓಡಿಸಿದರೆ ಮೀಟರ್‌ನಲ್ಲಿ ನಲವತ್ತು ಕಿ.ಮೀ. ಏರಿರುತ್ತದೆ, ಅಷ್ಟರಲ್ಲಿ ಇಂಜಿನ್ ಏಳೆಂಟು ಗಂಟೆ ಬೆಂದಿರುತ್ತದೆ. ಹೊರದೇಶದಲ್ಲಿ ಮೋಟೊಕ್ರಾಸ್ ಬೈಕುಗಳನ್ನು ಗಂಟೆ ಲೆಕ್ಕದಲ್ಲೇ ಮಾರುತ್ತಾರೆ, ಅದಕ್ಕೆ ಅಂತ ಅವರ್ ಮೀಟರ್ ಹಾಕಿರುತ್ತಾರೆ. ಇಲ್ಲಿ ಅದಿಲ್ಲ. ಅದಕ್ಕೆ ಗಾಡಿಯನ್ನೇ ಕೇಳಬೇಕು.

ಮಂಜು: ರ‍್ಯಾಲಿ ಕಿಟ್ ಇದ್ದ ಮಾತ್ರಕ್ಕೆ ರೇಸ್ ಓಡಿಸಿದ್ದಾರೆ ಅಂತ ಅಲ್ಲ. ಇಲ್ಲಿ ಬೆಂಗಳೂರಿಗೆ ಬಂದು ನೋಡು, ಕಿಟ್ ಹಾಕಿಸಿಕೊಂಡ ಎಷ್ಟೋ ಗಾಡಿಗಳು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆ ಹೋಗಿ ಇಡ್ಲಿ ತಿಂದು ಬರುತ್ತವೆ. ಮಣ್ಣೇ ಮುಟ್ಟಿರುವುದಿಲ್ಲ. ಇನ್ನೊಂದು, ಕಿಟ್‌ಗೆ ಅಷ್ಟು ದುಡ್ಡು ಹಾಕಿದವನು ಆಯಿಲ್ ಚೇಂಜ್ ಕೂಡ ಸರಿಯಾಗಿ ಮಾಡಿಸಿರುತ್ತಾನೆ. ಕಿಟ್ ಇಲ್ಲದ ಸ್ಟಾಕ್ ಗಾಡಿ ತಗೊಂಡು ಸರ್ವಿಸ್ ಮಾಡಿಸದೆ ಓಡಿಸುವವರೇ ಜಾಸ್ತಿ.

ರಫೀಕ್: ಅದು ಒಪ್ಪುತ್ತೇನೆ. ಹಾಗಾದರೆ ಸರ್ವಿಸ್ ಬಿಲ್ ತೋರಿಸಲಿ. ಮಾಡಿಸುವವನ ಹತ್ತಿರ ಬಿಲ್ ಇರುತ್ತದೆ.

ಸತೀಶ: ಕೇಳಿದೆ. ಲೋಕಲ್ ಮೆಕ್ಯಾನಿಕ್ ಹತ್ತಿರ ಮಾಡಿಸಿದ್ದು, ಬಿಲ್ ಇಲ್ಲ ಅಂದರು.

ರಫೀಕ್: ಲೋಕಲ್ ಮೆಕ್ಯಾನಿಕ್ ಅಂದ ತಕ್ಷಣ ನಾನು ಬೇಜಾರು ಮಾಡಿಕೊಳ್ಳಬೇಕಾ ಸುಮ್ಮನಿರಬೇಕಾ ಗೊತ್ತಾಗುತ್ತಿಲ್ಲ. ಇರಲಿ. ಹೋಗಿ ನೋಡು. ಹೋಗುವ ಮೊದಲು ಫೋನ್ ಮಾಡಿ "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳು. ಹೋದ ತಕ್ಷಣ ಇಂಜಿನ್ ಮುಟ್ಟಿ ನೋಡು. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿ ಆದ ಮೇಲೆ ಬಹಳಷ್ಟು ಶಬ್ದ ಅಡಗಿಬಿಡುತ್ತದೆ.

ಆಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಕೊನೆಯಲ್ಲಿ ಫ್ರೇಮಿಗೆ ತಾಗುವ ಸ್ಟಾಪರ್ ಇರುತ್ತದಲ್ಲ, ಅದನ್ನು ನೋಡು. ಅದು ಜಜ್ಜಿದ್ದರೆ ಅಥವಾ ಹೊಸದಾಗಿ ಪೇಂಟ್ ಆಗಿದ್ದರೆ ಗಾಡಿ ಜೋರಾಗಿ ಬಿದ್ದಿದೆ. ಹ್ಯಾಂಡಲ್ ಬದಲಾಯಿಸಬಹುದು, ಲಿವರ್ ಬದಲಾಯಿಸಬಹುದು, ಸ್ಟಾಪರ್ ಯಾರಿಗೂ ನೆನಪಾಗುವುದಿಲ್ಲ. ಮುಂದಿನ ಚಕ್ರ ಎತ್ತಿ ಹಿಡಿಸಿ ಹ್ಯಾಂಡಲ್ ನಿಧಾನ ತಿರುಗಿಸು, ಮಧ್ಯದಲ್ಲಿ ಕಚ್ಚಿಕೊಂಡ ಹಾಗಾದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಅದು ದೊಡ್ಡ ಖರ್ಚಲ್ಲ, ಬೆಲೆಯಲ್ಲಿ ಕಡಿಮೆ ಮಾಡಿಸು. ಫೋರ್ಕ್ ಪೈಪ್ ಮೇಲೆ ಉಗುರು ಆಡಿಸು. ಗೀರು ಉಗುರಿಗೆ ಸಿಕ್ಕಿದರೆ ಎಷ್ಟು ಹೊಸ ಸೀಲ್ ಹಾಕಿದರೂ ಕೊಯ್ದು ಹಾಕುತ್ತದೆ, ಆಯಿಲ್ ಸೋರುತ್ತಲೇ ಇರುತ್ತದೆ. ಕಿಟ್ ಫೋರ್ಕ್ ಆದ್ದರಿಂದ ಇದು ಸಣ್ಣ ಖರ್ಚಲ್ಲ.

ಲೋಕೇಶಣ್ಣ: ಇಷ್ಟೆಲ್ಲ ನೋಡುವಷ್ಟರಲ್ಲಿ ಮಾರುವವನು ಕಾಫಿ ಕೊಟ್ಟು ಕಳಿಸುತ್ತಾನೆ.

ರಫೀಕ್: ಮುಗಿದಿಲ್ಲ ಅಣ್ಣ. ಇಂಜಿನ್ ಕೆಳಗಿನ ಬ್ಯಾಷ್ ಪ್ಲೇಟ್ ಬಿಚ್ಚಿಸಬೇಕು. ಹೆಚ್ಚು ಬೋಲ್ಟ್ ಇರುವುದಿಲ್ಲ. ಪ್ಲೇಟಿನಲ್ಲಿ ತಗ್ಗಿದ್ದರೆ ಪರವಾಗಿಲ್ಲ, ಅದು ಇರುವುದೇ ಅದಕ್ಕೆ. ಮೇಲೆ ಇಂಜಿನ್ ಕೇಸಿನಲ್ಲಿ ಎಂ-ಸೀಲ್ ಮೆತ್ತಿದ್ದು ಕಂಡರೆ ಅಲ್ಲಿಂದಲೇ ವಾಪಸ್ ಬಾ. ಸೀಟ್ ತೆಗೆಸಿ ಏರ್ ಫಿಲ್ಟರ್ ನೋಡು. ಫಿಲ್ಟರ್ ಹೊಸದು ಇರಬಹುದು, ಅದು ಬೇಡ, ಫಿಲ್ಟರ್ ಆಚೆ ಇಂಜಿನ್ ಕಡೆಯ ಪೈಪೊಳಗೆ ಬೆರಳು ಹಾಕು. ಅಲ್ಲಿ ಧೂಳು ಸಿಕ್ಕಿದರೆ ಪಿಸ್ಟನ್ ರಿಂಗ್ ಮಣ್ಣು ತಿಂದಿದೆ ಅಂತಲೇ ಲೆಕ್ಕ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಹಳ್ಳ ದಾಟಿಸುವಾಗ ನೀರು ಹೋಗಿದೆ. ಹಿಂದಿನ ಚಕ್ರ ಎಡಬಲ ಅಲ್ಲಾಡಿಸು, ಆ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್ ಸವೆದಿದ್ದರೆ ಲಟಕ್ ಅನ್ನುತ್ತದೆ. ಸ್ಪೋಕ್ ಒಂದೊಂದಕ್ಕೂ ಸ್ಪ್ಯಾನರ್‌ನಿಂದ ತಟ್ಟು, ಟಿಂಗ್ ಅನ್ನಬೇಕು, ಟಪ್ ಅಂದರೆ ಸಡಿಲ.

ಮಂಜು: ಇದನ್ನೆಲ್ಲ ನೋಡಿದರೆ ಹೊಸ ಗಾಡಿ ಕೂಡ ಫೇಲ್ ಆಗುತ್ತದೆ.

ರಫೀಕ್: ಹೊಸ ಗಾಡಿಗೆ ವಾರಂಟಿ ಇರುತ್ತದೆ. ಇದಕ್ಕೆ ನಾನು ಇರುತ್ತೇನೆ. ಯಾವುದು ಬೇಕು?

ವೀಣಾ (ಮಂಗಳೂರು): ಈಗ ನೋಡಿದೆ. ಸತೀಶ, ಗಾಡಿ ಬಿಡು, ಆರ್‌ಸಿ ಯಾರ ಹೆಸರಲ್ಲಿದೆ?

ಸತೀಶ: ಮಾರುವವರ ಹೆಸರಲ್ಲಿ ಇಲ್ಲ. ಅವರಿಗೆ ಕೊಟ್ಟವರ ಹೆಸರಲ್ಲೇ ಇದೆ. ಅವರು ಈಗ ದುಬೈಯಲ್ಲಿದ್ದಾರೆ, ಟ್ರಾನ್ಸ್‌ಫರ್‌ಗೆ ಬೇಕಾದ ಫಾರಂ 29, 30 ಎರಡಕ್ಕೂ ಸಹಿ ಹಾಕಿ ಇಟ್ಟುಹೋಗಿದ್ದಾರಂತೆ.

ವೀಣಾ: ಅಲ್ಲಿಗೆ ಜಾಹೀರಾತಿನ "ಸೆಕೆಂಡ್ ಓನರ್" ಸುಳ್ಳಾಯ್ತು. ದಾಖಲೆ ಪ್ರಕಾರ ಅವನು ಓನರೇ ಅಲ್ಲ. ನಾನು ಇನ್ಶೂರೆನ್ಸ್ ಸರ್ವೆಗೆ ಹೋದ ಕಡೆ ಈ ಸಹಿ ಹಾಕಿಟ್ಟ ಫಾರಂ ಕಥೆ ಎಷ್ಟು ಕೇಳಿದ್ದೇನೆ ಅಂದರೆ, ಈಗ ಕೇಳಿದರೆ ನಗು ಬರುತ್ತದೆ. ಅಪಘಾತ ಆದರೆ ಕೋರ್ಟ್ ಆರ್‌ಸಿಯಲ್ಲಿ ಹೆಸರಿರುವವರನ್ನೇ ಓನರ್ ಅಂತ ಹಿಡಿಯುತ್ತದೆ. ದುಬೈಯಲ್ಲಿ ಇರುವವರಿಗೂ ಅದು ತಲೆನೋವು, ನಿನಗೂ ತಲೆನೋವು. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡು: ಇನ್ಶೂರೆನ್ಸ್ ಯಾವತ್ತಿನವರೆಗೆ, ಬ್ಯಾಂಕ್ ಸಾಲ ಇದೆಯಾ, ಚಲನ್ ಬಾಕಿ ಇದೆಯಾ. ಸಾಲ ತೋರಿಸಿದರೆ ಬ್ಯಾಂಕಿನ ಎನ್‌ಒಸಿ, ಆರ್‌ಸಿಯಿಂದ ಸಾಲ ತೆಗೆಸುವ ಫಾರಂ 35 ಎರಡೂ ಕೈಗೆ ಬರದೆ ದುಡ್ಡು ಕೊಡಬೇಡ. ಚಾಸಿ ನಂಬರ್ ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸು.

ಸತೀಶ: ಸಾಲ ಇಲ್ಲ, ನೋಡಿದೆ. ಇನ್ಶೂರೆನ್ಸ್ ಇನ್ನೂ ನಾಲ್ಕು ತಿಂಗಳು ಇದೆ.

ವೀಣಾ: ಟ್ರಾನ್ಸ್‌ಫರ್ ಆದ 14 ದಿನದೊಳಗೆ ಇನ್ಶೂರೆನ್ಸ್ ನಿನ್ನ ಹೆಸರಿಗೆ ಬರೆಸಿಕೊಳ್ಳಬೇಕು. ಹಳೇ ಓನರ್‌ನ ನೋ ಕ್ಲೇಮ್ ಬೋನಸ್ ನಿನಗೆ ಬರುವುದಿಲ್ಲ, ಅದು ಮನುಷ್ಯನಿಗೆ ಸೇರಿದ್ದು, ಗಾಡಿಗಲ್ಲ. ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ಇನ್ನೊಂದು ಕೇಳಿಕೋ: ಮಾಮೂಲಿ ಪಾಲಿಸಿ ರೇಸಲ್ಲಿ ಆದ ಡ್ಯಾಮೇಜ್‌ಗೆ ಒಂದು ಪೈಸೆ ಕೊಡುವುದಿಲ್ಲ.

ಲೋಕೇಶಣ್ಣ: ರಿಸರ್ವ್ ಫಾರೆಸ್ಟ್ ಒಳಗೆ ನುಗ್ಗಿಸಿದರೆ ಅದು ಬೇರೆ ಕೇಸ್. ನಿಮ್ಮ ತೋಟದ ಬೇಲಿ ಆಚೆಯೇ ಫಾರೆಸ್ಟ್ ಅಲ್ವಾ.

ಸತೀಶ: ಬೇಲಿ ಒಳಗೇ ಬೇಕಾದಷ್ಟು ಗುಡ್ಡ ಇದೆ ಅಣ್ಣ.

ಮಂಜು: ಎಲ್ಲರೂ ಸೇರಿ ಹುಡುಗನ ಆಸೆ ಸಾಯಿಸುತ್ತಿದ್ದೀರಿ. ನಮ್ಮ ಬೆಂಗಳೂರಿನ ಸಂತೋಷ್ 2015ರಲ್ಲಿ ಡಾಕರ್ ಅನ್ನುವ ದೊಡ್ಡ ರೇಸ್‌ಗೆ ಹೋಗಿ 36ನೇ ಸ್ಥಾನಕ್ಕೆ ಬಂದರು, ಡಾಕರ್ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಅರವಿಂದ್ ಹೋದರು. ಅವರೆಲ್ಲ ಎಂಪರಿವಾಹನ್ ನೋಡಿಕೊಂಡು ಕೂತಿದ್ದರೆ ಆಗುತ್ತಿತ್ತಾ?

ವೀಣಾ: ಅವರು ದುಬೈಯಲ್ಲಿರುವವರ ಹೆಸರಿನ ಗಾಡಿಯಲ್ಲಿ ಹೋಗಲಿಲ್ಲ ಮಂಜು.

ರಫೀಕ್: 😂😂

ಮಂಜು: ಈ ಸಂದೇಶವನ್ನು ಅಳಿಸಲಾಗಿದೆ

ರಫೀಕ್: ಏನೋ ಅದು, ಓದುವಷ್ಟರಲ್ಲಿ ತೆಗೆದೆ.

ಲೋಕೇಶಣ್ಣ: ಬೆಲೆ ವಿಷಯ ಯಾರೂ ಮಾತಾಡಲಿಲ್ಲ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಒಳಗಿನ ಬೈಕಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದು ಇಳಿದರೆ ಹಳೆಯದೂ ಇಳಿಯಬೇಕು ತಾನೇ? ಇವನು 2022ರಲ್ಲಿ ಕೊಟ್ಟ ಬೆಲೆ ತಲೆಯಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದಾನೆ. ಈಗ ಎಕ್ಸ್‌ಪಲ್ಸ್ 210 ಬಂದಿದೆ, ವಾಟರ್ ಕೂಲಿಂಗ್, ಆರು ಗೇರ್. ಇದು ಆಯಿಲ್ ಕೂಲಿಂಗ್, ಐದು ಗೇರ್. 95 ಜಾಸ್ತಿ ಆಯ್ತು.

ಮಂಜು: ಕಿಟ್ ಇದೆಯಲ್ಲ ಅಣ್ಣ, ಅದರ ಬೆಲೆ ಸೇರಿಸಿ.

ರಫೀಕ್: ಕಿಟ್ ಬೆಲೆ ಸೇರಿಸಬೇಕಾದ್ದು ಕಿಟ್ ಬೇಕು ಅನ್ನುವವರಿಗೆ. ಸತೀಶ, ನಿನ್ನ ಎತ್ತರ ಎಷ್ಟು?

ಸತೀಶ: ಐದು ಅಡಿ ಐದು ಇಂಚು. ಯಾಕೆ?

ರಫೀಕ್: ಮಾಮೂಲಿ 4ವಿ ಸೀಟ್ ಎತ್ತರ 825 ಮಿ.ಮೀ. ಅದರಲ್ಲೇ ನಿನಗೆ ಕಾಲಿನ ತುದಿ ಮಾತ್ರ ತಾಗುತ್ತದೆ. ಕಿಟ್ ಹಾಕಿದ ಮೇಲೆ ಇನ್ನೂ ಸುಮಾರು ಆರು ಸೆಂ.ಮೀ. ಮೇಲೆ. ಗಾಡಿ ಭಾರ 158 ಕಿಲೋ. ಮಳೆಯಲ್ಲಿ ಏರಿನ ಮಧ್ಯೆ ಗಾಡಿ ನಿಂತಿತು ಅಂದುಕೋ, ಕಾಲು ಊರುವ ಕಡೆ ಇಳಿಜಾರು. ನೆಲ ಸಿಗುವುದೇ ಇಲ್ಲ, ಗಾಡಿ ಜೊತೆ ನೀನೂ ಕಾಫಿ ಗಿಡದೊಳಗೆ. ಚೆನ್ನಾಗಿ ಓಡಿಸಲು ಬರುವವರಿಗೆ ಕಾಲು ನೆಲಕ್ಕೆ ತಾಗಲೇಬೇಕು ಅಂತಿಲ್ಲ. ಕಲಿಯುವವನಿಗೆ ತಾಗಬೇಕು. ಮಂಜು ಹೇಳಿದ ಸಂತೋಷ್ ಅವರದೇ ಡರ್ಟ್ ಪಾರ್ಕ್ ಕೋಲಾರದ ಹತ್ತಿರ ಇದೆ, ಬಿಗ್‌ರಾಕ್ ಅಂತ. ಮೊದಲು ಅಲ್ಲಿ ಹೋಗಿ ಕಲಿ, ಬೀಳುವುದು ಹೇಗೆ ಅಂತಲೂ ಕಲಿಸುತ್ತಾರೆ. ಆಮೇಲೆ ಯಾವ ಎತ್ತರದ ಗಾಡಿ ಬೇಕು ಅಂತ ನಿನಗೇ ಗೊತ್ತಾಗುತ್ತದೆ.

ಸತೀಶ: ಹಾಗಾದರೆ ಕಿಟ್ ತೆಗೆಸಿ ಹಳೇ ಫೋರ್ಕು, ಶಾಕು, ಸೀಟು ವಾಪಸ್ ಹಾಕಿಸಿದರೆ?

ರಫೀಕ್: ಈಗ ಸರಿಯಾದ ಪ್ರಶ್ನೆ ಕೇಳಿದೆ. ಅವು ಮನೆಯಲ್ಲಿದ್ದರೆ ಈ ಗಾಡಿ ನೋಡಬಹುದು. ಕಿಟ್ ಮಾರಿಬಿಡು, ಮಂಜುನ ಹಾಗೆ ಹುಡುಕುವವರು ಇರುತ್ತಾರೆ. ಫೋನ್ ಮಾಡಿ ಕೇಳು.

ಸತೀಶ: ಮಾಡುತ್ತೇನೆ. ಎಡಗಡೆ ಫೋಟೋ, ಬ್ಯಾಷ್ ಪ್ಲೇಟ್ ಬಿಚ್ಚಿದ ಫೋಟೋ ಕೂಡ ಕೇಳುತ್ತೇನೆ.

ವೀಣಾ: ದುಬೈಯವರ ಜೊತೆ ವಿಡಿಯೋ ಕಾಲ್ ಕೂಡ ಕೇಳು. ಊರಿಗೆ ಯಾವಾಗ ಬರುತ್ತಾರೆ, ಆರ್‌ಟಿಓಗೆ ಬರುತ್ತಾರಾ ಅಂತ ಅವರ ಬಾಯಿಂದಲೇ ಕೇಳಿಕೋ.

ಸತೀಶ: ಮಾತಾಡಿದೆ. ಹಳೇ ಸಾಮಾನು ಎಲ್ಲ ಅವತ್ತೇ ಮಾರಿ ಆಯ್ತಂತೆ. ದುಬೈಯವರು ಮುಂದಿನ ತಿಂಗಳು ಮದುವೆಗೆ ಬರುತ್ತಾರಂತೆ, ಆವಾಗ ಬೇಕಾದರೆ ಟ್ರಾನ್ಸ್‌ಫರ್ ಮಾಡಿಕೊಡುತ್ತೇವೆ ಅಂದರು. ಪ್ಲೇಟ್ ಬಿಚ್ಚುವುದಕ್ಕೆ ಒಪ್ಪಿದರು, ಆ ಮನುಷ್ಯ ಕೆಟ್ಟವನ ಹಾಗೆ ಕಾಣಲಿಲ್ಲ.

ರಫೀಕ್: ಕೆಟ್ಟವನು ಅಂತ ಯಾರೂ ಹೇಳಲಿಲ್ಲ. ಆದರೆ ನಿನಗೆ ಈ ಗಾಡಿ ಬೇಡ. ಸ್ಟಾಕ್ ಸಸ್ಪೆನ್ಷನ್ ಇರುವ 4ವಿ ಹುಡುಕೋಣ. ಬಿಲ್ ಇರುವ, ಸಿಂಗಲ್ ಓನರ್ ಗಾಡಿ. ಗ್ಯಾರೇಜಿಗೆ ಬರುವವರಲ್ಲಿ ಒಬ್ಬರು ಮಾರುತ್ತೇನೆ ಅನ್ನುತ್ತಿದ್ದರು, ಕೇಳುತ್ತೇನೆ.

ಸತೀಶ: ಆಯ್ತು. ಬಿಟ್ಟೆ.

ಮಂಜು: ಸತೀಶ, ನೀನು ಬಿಟ್ಟಿದ್ದೀಯಾ ತಾನೇ? ಹಾಗಾದರೆ ಅವರ ನಂಬರ್ ನನಗೆ ಕಳಿಸು.

ಲೋಕೇಶಣ್ಣ: ಓಹೋ.

ಮಂಜು: ನಾನು ಆರಡಿ ಅಣ್ಣ, ನನಗೆ ಕಿಟ್ಟೇ ಬೇಕು. ರಫೀಕ್, ಭಾನುವಾರ ಚಿಕ್ಕಮಗಳೂರಿಗೆ ಬರುತ್ತೀಯಾ? ಆ ಸ್ಟಾಪರ್ ಅಂದೆಯಲ್ಲ, ಅದು ಎಲ್ಲಿರುತ್ತದೆ, ಒಂದು ಫೋಟೋ ಹಾಕು.

ರಫೀಕ್: 11,000 ಕಿ.ಮೀ. ಗಾಡಿಯಲ್ಲಿ ಏನು ಹಾಳಾಗಿರುತ್ತದೆ ಮಾರಾಯ?

ಮಂಜು: ಸುಮ್ನೆ ಇರೋ. ವೀಣಾ, ದುಬೈಯವರು ಬರುವ ತನಕ ಅಡ್ವಾನ್ಸ್ ಕೊಡಬಹುದಾ?

ವೀಣಾ: ಒಂದೆರಡು ಸಾವಿರ ಕೊಟ್ಟು ರಸೀದಿ ಬರೆಸಿಕೋ. ಮಿಕ್ಕಿದ್ದು ಆರ್‌ಟಿಓದಲ್ಲಿ ಅವರು ಎದುರಿಗೆ ನಿಂತಾಗ.

ಸತೀಶ: ಮತ್ತೆ ಬೆಲೆ? ಕಿಟ್ ಒಂದಕ್ಕೇ ಮೂವತ್ತು ಸಾವಿರ ಅಲ್ವಾ, 95 ಸಸ್ತಾ ಆಯ್ತು.

ಮಂಜು: 72 ಕೇಳುತ್ತೇನೆ. ಜಿಎಸ್‌ಟಿ ಇಳಿದಿದೆ.